ರದ್ದಿಯಿಂದ ಕಿರುಚಿತ್ರಪಟ: ಕಲೆ, ಗಣಿತ ಮತ್ತು ಮನೆಮಾತಿನ ಸಂಯುಕ್ತ ಪಾಠ

ತರಗತಿ: 3ರಿಂದ 7ನೆಯ ಇಯತ್ತೆ. ವಿಷಯ: ಕಲೆ ಮತ್ತು ಕಾರ್ಯಾನುಭವ, ಭಾಷೆ ಹಾಗೂ ಗಣಿತದೊಂದಿಗೆ ಜೋಡಣೆ. ಅವಧಿಗಳು: 4.

ಪೀಠಿಕೆ

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಬಿಸಾಡುವ ರೂಢಿ ಇರಲಿಲ್ಲ. ಹರಿದ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಹೊಲಿದು ಕೌದಿಯನ್ನು ಮಾಡುತ್ತಿದ್ದರು. ಯಾವ ತುಂಡು ಯಾವ ಸೀರೆಯದು, ಆ ಸೀರೆ ಯಾರ ಮದುವೆಯಲ್ಲಿ ಬಂದದ್ದು ಎಂಬುದನ್ನು ಹೊಲಿದವರು ಹೇಳಬಲ್ಲವರಾಗಿದ್ದರು. ಬಳಸಿ ಉಳಿದದ್ದರಿಂದ ಹೊಸದನ್ನು ಮಾಡುವ ಈ ವಿದ್ಯೆ ಈ ಭಾಗದ ಮಕ್ಕಳಿಗೆ ಮನೆಯದೇ ಆಸ್ತಿ. ಅದನ್ನು ಅಂಗೈಯಗಲದ ರಟ್ಟಿನ ಮೇಲೆ ತರುವುದು ಪ್ರಸ್ತುತ ಪಾಠದ ಉದ್ದೇಶ.

ಕೈಯಿಂದ ಮಾಡಿದ ಕಿರುಚಿತ್ರದ ಕಾರ್ಡುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಪದ್ಧತಿ ಇಂದು ಅನೇಕ ದೇಶಗಳಲ್ಲಿದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಸ್ಟಿರ್ನೆಮಾನ್ ಎಂಬ ಕಲಾವಿದರು ಇದನ್ನು ಆರಂಭಿಸಿದರು. ಆಟಗಾರರ ಚಿತ್ರವಿರುವ ಕಾರ್ಡುಗಳ ಅಳತೆಯನ್ನೇ, ಅಂದರೆ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದವನ್ನು, ಅವರು ಇಟ್ಟುಕೊಂಡರು. ಅದರ ನಿಯಮ ಸರಳವಾದದ್ದು: ಕಾರ್ಡನ್ನು ಮಾರಬಾರದು, ಒಂದನ್ನು ಕೊಟ್ಟು ಒಂದನ್ನು ಪಡೆಯಬೇಕು.

ಚಿಕ್ಕ ಪಟದ ಮೇಲಿನ ಚಿತ್ರಕಲೆ ನಮ್ಮ ನೆಲಕ್ಕೆ ಇನ್ನೂ ಹಳೆಯದು. ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿಯಲ್ಲಿ ಗಂಜೀಫಾ ಎಂಬ ದುಂಡನೆಯ ಆಟದ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ 12ರಂತೆ 120 ಎಲೆಗಳಿರುತ್ತವೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕಲೆಗೆ ಆಶ್ರಯವಿತ್ತಿದ್ದರು. ಬಟ್ಟೆ ಅಥವಾ ಕಾಗದವನ್ನು ಹುಣಸೆಬೀಜದ ಅಂಟಿನಿಂದ ಗಟ್ಟಿಮಾಡಿ, ಅದರ ಮೇಲೆ ಬಣ್ಣ ಹಚ್ಚುವುದು ಅಲ್ಲಿಯ ಹಳೆಯ ಕ್ರಮ. ಶಿಕ್ಷಕರು ಈ ಎರಡೂ ಸಂಗತಿಗಳನ್ನು ಪಾಠದ ಮೊದಲಿಗೆ ಮಕ್ಕಳಿಗೆ ಕಥೆಯಂತೆ ಹೇಳಬಹುದು.

ಕಲಿಕೆಯ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು,
1. ಕೊಟ್ಟ ಅಳತೆಗೆ ಸರಿಯಾಗಿ ರಟ್ಟನ್ನು ಗುರುತುಮಾಡಿ ಕತ್ತರಿಸುವನು;
2. ರದ್ದಿ ಸಾಮಗ್ರಿಯನ್ನು ಬಣ್ಣ, ನಯ, ಆಕಾರಗಳಿಗನುಸಾರವಾಗಿ ಆರಿಸಿ ಜೋಡಿಸುವನು;
3. ಮನೆಯಲ್ಲಿ ಬಳಕೆಯಲ್ಲಿರುವ ಒಂದು ವಸ್ತುವಿನ ಹೆಸರನ್ನು ಹಿರಿಯರಿಂದ ಕೇಳಿ ತಿಳಿದು, ಕನ್ನಡ ಲಿಪಿಯಲ್ಲಿ ಬರೆಯುವನು;
4. ತನ್ನ ಕಾರ್ಡಿನ ಕುರಿತು ನಾಲ್ಕು ವಾಕ್ಯಗಳನ್ನು ನಿಸ್ಸಂಕೋಚವಾಗಿ ಹೇಳುವನು.

ಸಾಮಗ್ರಿಯ ಸಂಗ್ರಹ

ಹಣ ಕೊಟ್ಟು ಏನನ್ನೂ ತರಿಸಬಾರದು. ಪಾಠಕ್ಕೆ ಒಂದು ವಾರ ಮೊದಲೇ ತರಗತಿಯ ಮೂಲೆಯಲ್ಲಿ ಮೂರು ಖಾಲಿ ಡಬ್ಬಿಗಳನ್ನಿಡಬೇಕು. ಮೊದಲನೆಯದರಲ್ಲಿ ಗಟ್ಟಿ ರಟ್ಟು: ಬಳಸಿ ಮುಗಿದ ನೋಟುಬುಕ್ಕಿನ ಹೊದಿಕೆ, ಸಾಬೂನು ಮತ್ತು ಬಿಸ್ಕತ್ತಿನ ಪೆಟ್ಟಿಗೆ. ಎರಡನೆಯದರಲ್ಲಿ ಕಾಗದ: ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಾಳೆ, ಬಸ್ಸಿನ ಟಿಕೇಟು, ವರ್ತಮಾನಪತ್ರಿಕೆ. ಮೂರನೆಯದರಲ್ಲಿ ಬಟ್ಟೆ ಮತ್ತು ನೂಲು: ದರ್ಜಿಯ ಅಂಗಡಿಯ ಚೂರು, ಕೌದಿ ಹೊಲಿದು ಉಳಿದ ತುಂಡು, ಗುಂಡಿ. ಚಾದರ, ಟವೆಲ್ಲುಗಳನ್ನು ನೇಯುವ ಸೊಲ್ಲಾಪುರದಂತಹ ಊರಿನಲ್ಲಿ ಮಗ್ಗದ ನೂಲಿನ ತುದಿಗಳು ಬೇಕಾದಷ್ಟು ಸಿಗುತ್ತವೆ. ಹಳ್ಳಿಯ ಶಾಲೆಗಳಲ್ಲಿ ಜೋಳದ ರವದಿ, ಒಣಗಿದ ಎಲೆ, ಹಕ್ಕಿಯ ಗರಿಗಳನ್ನೂ ಬಳಸಬಹುದು. ಒಡೆದ ಬಳೆ, ಬ್ಲೇಡು, ಗುಳಿಗೆಯ ಪಟ್ಟಿಗಳನ್ನು ತರಬಾರದೆಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಅಂಟನ್ನು ಶಾಲೆಯಲ್ಲಿಯೇ ತಯಾರಿಸಬಹುದು. ಒಂದು ಪಾಲು ಮೈದಾ ಹಿಟ್ಟನ್ನು ಐದು ಪಾಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವಬೇಕು. ಹಿಟ್ಟಿನ ಬಿಳಿಪು ಹೋಗಿ ಗಂಜಿಯಂತೆ ನಸುಪಾರದರ್ಶಕವಾದಾಗ ಇಳಿಸಬೇಕು. ಈ ಕೆಲಸವನ್ನು ಶಿಕ್ಷಕರೇ ಮಾಡತಕ್ಕದ್ದು. ಅಂಟು ಪೂರ್ತಿ ಆರಿದ ಮೇಲೆ ಮಕ್ಕಳಿಗೆ ಹಂಚಬೇಕು. ಎರಡು ದಿನಗಳಿಗಿಂತ ಹೆಚ್ಚು ಇಡಬಾರದು. ಹುಳ ಹತ್ತದಿರಲೆಂದು ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಉಂಟು. ಅದು ವಿಷವಾದುದರಿಂದ ತರಗತಿಯಲ್ಲಿ ಸಲ್ಲದು.

ಬಣ್ಣವೂ ಮನೆಯಲ್ಲಿಯೇ ಇದೆ. ಅರಿಸಿನದಿಂದ ಹಳದಿ, ಇದ್ದಿಲಿನಿಂದ ಕಪ್ಪು, ಕೆಮ್ಮಣ್ಣಿನಿಂದ ಕಂದುಗೆಂಪು ದೊರೆಯುತ್ತವೆ. ಅರಿಸಿನದ ನೀರಿಗೆ ಸುಣ್ಣದ ತಿಳಿನೀರು ಸೋಕಿದರೆ ಕೆಂಪಾಗುವುದನ್ನು ಶಿಕ್ಷಕರು ತಾವೇ ಮಾಡಿ ತೋರಿಸಿದರೆ ವಿಜ್ಞಾನದ ಪಾಠವೂ ಆಯಿತು. ಅರಿಸಿನದ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಅಂತಹ ಕಾರ್ಡುಗಳನ್ನು ನೆರಳಿನಲ್ಲಿ ಒಣಗಿಸಬೇಕು.

ಮೊದಲನೆಯ ಅವಧಿ: ಅಳತೆ ಮತ್ತು ಕತ್ತರಿಕೆ

ಅಳತೆಪಟ್ಟಿಯಲ್ಲಿ ಗುರುತಿಸಲು ಸುಲಭವಾಗುವಂತೆ ಅಗಲ 6.5 ಸೆಂ.ಮೀ., ಉದ್ದ 9 ಸೆಂ.ಮೀ. ಎಂದು ಇಟ್ಟುಕೊಳ್ಳಬಹುದು. ಕತ್ತರಿಸುವ ಮುನ್ನ ಒಂದು ಸಮಸ್ಯೆಯನ್ನು ಕೊಡಬೇಕು: 24 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ರಟ್ಟಿನಲ್ಲಿ ಎಷ್ಟು ಕಾರ್ಡುಗಳಾಗುತ್ತವೆ?

ಕ್ಷೇತ್ರಫಲ ಕಲಿತ ಮಕ್ಕಳು 432ನ್ನು 58.5ರಿಂದ ಭಾಗಿಸಿ 7 ಎನ್ನುವರು. ರಟ್ಟಿನ ಮೇಲೆ ಗೆರೆ ಎಳೆದಾಗ ಬೇರೆಯೇ ಉತ್ತರ ಬರುತ್ತದೆ. ಉದ್ದದ ಬದಿಗೆ 6.5ರಂತೆ ಮೂರು, ಅಗಲದ ಬದಿಗೆ 9ರಂತೆ ಎರಡು ಇಟ್ಟರೆ 6 ಕಾರ್ಡುಗಳಾಗುತ್ತವೆ, 4.5 ಸೆಂ.ಮೀ. ಅಗಲದ ಪಟ್ಟಿ ಉಳಿಯುತ್ತದೆ. ಕಾರ್ಡನ್ನು ತಿರುಗಿಸಿ ಇಟ್ಟರೆ ಎರಡಕ್ಕೆ ಎರಡರಂತೆ 4 ಮಾತ್ರ. ಏಳನೆಯ ಕಾರ್ಡು ಏಕೆ ಸಿಗಲಿಲ್ಲವೆಂಬ ಪ್ರಶ್ನೆಯನ್ನು ಮಕ್ಕಳೇ ಚರ್ಚಿಸಲಿ. ದರ್ಜಿ ಬಟ್ಟೆಯನ್ನು ಹಾಸಿ ಗುರುತುಮಾಡುವಾಗ ಎದುರಿಸುವ ಪ್ರಶ್ನೆಯೂ ಇದೇ. ಉಳಿದ ಪಟ್ಟಿಯನ್ನು ಎಸೆಯದೆ ಆಕಾರಗಳನ್ನು ಕತ್ತರಿಸಲು ತೆಗೆದಿಡಬೇಕು.

ರಟ್ಟಿಗೆ ನಾರಿನ ಓಟವಿರುತ್ತದೆ. ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುವುದು ತಿಳಿಯುತ್ತದೆ. ಆಗ ಬೀಳುವ ಮಡಿಕೆಯ ಗೆರೆಗೆ ಸಮಾನಾಂತರವಾಗಿ ನಾರು ಹರಿದಿದೆ ಎಂದು ಅರ್ಥ. ಸಾಧ್ಯವಿದ್ದಲ್ಲಿ ಕಾರ್ಡಿನ ಉದ್ದದ ಬದಿ ನಾರಿನ ಉದ್ದಕ್ಕೆ ಬರುವಂತೆ ಕತ್ತರಿಸಿದರೆ ಕಾರ್ಡು ಕಡಿಮೆ ಸುರುಳಿಯಾಗುತ್ತದೆ.

ಎರಡನೆಯ ಅವಧಿ: ಮನೆಯ ಮಾತು

ಈ ಅವಧಿಯನ್ನು ಬಿಟ್ಟರೆ ಪಾಠವು ಬರಿಯ ಕೈಕೆಲಸವಾಗಿ ಉಳಿಯುತ್ತದೆ. ಹಿಂದಿನ ದಿನವೇ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕೆಲಸವನ್ನು ವಹಿಸಬೇಕು: ಮನೆಯಲ್ಲಿರುವ, ಪಠ್ಯಪುಸ್ತಕದಲ್ಲಿಲ್ಲದ ಒಂದು ವಸ್ತುವಿನ ಹೆಸರನ್ನು ಹಿರಿಯರಿಂದ ಕೇಳಿಕೊಂಡು ಬರುವುದು. ಕೂರಿಗೆ, ಹಗೇವು, ಬೀಸುಕಲ್ಲು, ಗಂಗಾಳ, ಚರಗಿ, ನೆಲುವು, ಬುತ್ತಿ, ಕೌದಿ ಮೊದಲಾದ ಹೆಸರುಗಳು ಬರಬಹುದು. ಹಗೇವು ಇಂದು ಅನೇಕ ಊರುಗಳಲ್ಲಿ ಕಾಣಸಿಗದು. ವಸ್ತು ಹೋದ ಮೇಲೆ ಅದರ ಹೆಸರು ಹೇಳುವವರ ಬಾಯಲ್ಲಿ ಮಾತ್ರ ಉಳಿದಿರುತ್ತದೆ. ಕೇಳುವವರಿಲ್ಲದಿದ್ದರೆ ಅಲ್ಲಿಂದಲೂ ಹೋಗುತ್ತದೆ.

ಗಡಿಭಾಗದ ತರಗತಿಯಲ್ಲಿ ಅದೇ ವಸ್ತುವಿಗೆ ಮರಾಠಿಯ ಹೆಸರೂ ಮಕ್ಕಳಿಗೆ ಗೊತ್ತಿರುತ್ತದೆ: ಕೌದಿಗೆ ಗೋಧಡಿ, ಬೀಸುಕಲ್ಲಿಗೆ ಜಾತೆ, ಹಗೇವಿಗೆ ಪೇವ. ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಬೇಕು. ಕನ್ನಡ ಶಾಲೆಗೆ ಬರುವ ಎಲ್ಲ ಮಕ್ಕಳ ಮನೆಮಾತೂ ಕನ್ನಡವಾಗಿರಬೇಕೆಂದಿಲ್ಲ. ಲಂಬಾಣಿ, ತೆಲುಗು, ಉರ್ದು ಮಾತನಾಡುವ ಮಗು ತನ್ನ ಮನೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಕನ್ನಡದ ಹೆಸರನ್ನು ಜೊತೆಗೆ ಕಲಿಯಲಿ.

ಇಲ್ಲಿ ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಅಜ್ಜಿಯ ಹಳೆಯ ಇಳಕಲ್ ಸೀರೆಯ ಚೂರನ್ನು ತಂದು, ಅದನ್ನು ಚೌಕ ಚೌಕವಾಗಿ ಕತ್ತರಿಸಿ ಅಂಟಿಸಿ, ಹಿಂದೆ ‘ಕವದಿ’ ಎಂದು ಬರೆಯುತ್ತಾಳೆ. ಶಿಕ್ಷಕಿ ಅದನ್ನು ಕೆಂಪು ಶಾಯಿಯಿಂದ ಹೊಡೆದು ‘ಹೊದಿಕೆ’ ಎಂದು ತಿದ್ದುತ್ತಾರೆ. ತಿದ್ದುಪಡಿ ಒಳ್ಳೆಯ ಮನಸ್ಸಿನದೇ. ಆದರೆ ಮರುದಿನ ವಿನಿಮಯದ ಹೊತ್ತಿಗೆ ಆ ಕಾರ್ಡು ಹುಡುಗಿಯ ಪಾಟಿಚೀಲದಿಂದ ಹೊರಗೆ ಬರುವುದಿಲ್ಲ. ಕೇಳಿದಾಗ ಅವಳು, “ಅಕ್ಕೋರೆ, ನಮ್ಮಜ್ಜಿ ತಪ್ಪು ಹೇಳ್ಯಾಳೇನ್ರಿ?” ಎನ್ನುತ್ತಾಳೆ.

ಆ ಪ್ರಶ್ನೆಗೆ ಶಿಕ್ಷಕರ ಬಳಿ ಉತ್ತರವಿರಬೇಕು. ಅಜ್ಜಿ ಹೇಳಿದ್ದು ತಪ್ಪಲ್ಲ. ಹೊದಿಕೆ ಎಂಬುದು ಹೊದೆಯುವ ಎಲ್ಲದಕ್ಕೂ ಸಲ್ಲುವ ಹೆಸರು. ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದದ್ದಕ್ಕೆ ಕೌದಿ ಎಂಬುದೇ ಹೆಸರು. ಬರೆವಣಿಗೆಯ ರೂಪವನ್ನು ತಿದ್ದಬೇಕಿದ್ದರೆ ಹಲಗೆಯ ಮೇಲೆ ‘ಕೌದಿ’ ಎಂದು ಬರೆದು, ಎಲ್ಲರಿಂದಲೂ ಓದಿಸಿ, ಕಾರ್ಡಿನ ಮೇಲೆ ಮಗುವೇ ತನ್ನ ಕೈಯಿಂದ ಬರೆಯುವಂತೆ ಮಾಡಬೇಕು. ಕಾರ್ಡಿನ ಮೇಲೆ ಶಿಕ್ಷಕರ ಶಾಯಿ ಬೀಳಬಾರದು. ಮರಾಠಿಯ ನಡುವೆ ಬೆಳೆಯುವ ಮಗುವಿಗೆ ತನ್ನ ಮನೆಯ ಕನ್ನಡವೂ ಶಾಲೆಯಲ್ಲಿ ತಪ್ಪೆನಿಸಿದರೆ, ಅದು ಆಡಲು ಹಿಂಜರಿಯದ ಕನ್ನಡ ಯಾವುದೂ ಉಳಿಯುವುದಿಲ್ಲ.

ಮೂರನೆಯ ಅವಧಿ: ರಚನೆ

ಕಾರ್ಡನ್ನು ಮೂರು ಪದರಗಳಲ್ಲಿ ಕಟ್ಟಬೇಕು. ಮೊದಲನೆಯದು ನೆಲ: ರಟ್ಟಿನ ಅಚ್ಚು ಮುಚ್ಚುವಂತೆ ತೆಳುವಾದ ಕಾಗದ ಅಥವಾ ಬಟ್ಟೆ. ಎರಡನೆಯದು ಆಕಾರ: ಆರಿಸಿದ ವಸ್ತುವಿನ ರೂಪ. ಮೂರನೆಯದು ಗೆರೆ: ನೂಲು, ಇದ್ದಿಲು ಅಥವಾ ಲೇಖನಿಯಿಂದ ಬಿಡಿಸಿದ ವಿವರ. ಅಂಟಿಸುವ ಮುನ್ನ ತುಂಡುಗಳನ್ನು ಹಾಗೆಯೇ ಇಟ್ಟು, ಸರಿಸಿ, ತೋಳಿನಷ್ಟು ದೂರದಿಂದ ನೋಡುವ ಅಭ್ಯಾಸ ಮಾಡಿಸಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಒಂದು ಮುಖ್ಯ ಆಕಾರ ಸಾಕು. ಹಗೇವನ್ನು ತೋರಿಸಲು ಇಡೀ ಹೊಲವನ್ನು ಬಿಡಿಸಬೇಕಾಗಿಲ್ಲ.

ಒಂದೇ ಬದಿಗೆ ಕಾಗದ ಅಂಟಿಸಿದರೆ ಅದು ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಆದುದರಿಂದ ಹಿಂಬದಿಗೂ ಬಿಳಿಯ ಕಾಗದವನ್ನು ಅಂಟಿಸಬೇಕು. ಅಂಟನ್ನು ತೆಳುವಾಗಿ, ನಡುವಿನಿಂದ ಅಂಚಿನ ಕಡೆಗೆ ಸವರಬೇಕು. ಸ್ವಲ್ಪ ಆರಿದ ಮೇಲೆ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಬೇಕು.

ಬಹುವರ್ಗ ತರಗತಿಯಲ್ಲಿ ಕೆಲಸವನ್ನು ಹಂಚಬಹುದು. 1 ಮತ್ತು 2ನೆಯ ಇಯತ್ತೆಯವರು ಕಾಗದವನ್ನು ಕೈಯಿಂದ ಹರಿದು ನೆಲ ಸಿದ್ಧಮಾಡಲಿ. 3 ಮತ್ತು 4ನೆಯವರು ಮೊಂಡುತುದಿಯ ಕತ್ತರಿಯಿಂದ ಆಕಾರ ಕತ್ತರಿಸಲಿ. ಮೇಲಿನವರು ಗುರುತು ಹಾಕುವ ಹೊಣೆ ಹೊರಲಿ.

ನಾಲ್ಕನೆಯ ಅವಧಿ: ಬರೆವಣಿಗೆ ಮತ್ತು ವಿನಿಮಯ

ಒಣಗಿದ ಕಾರ್ಡಿನ ಹಿಂಬದಿಯಲ್ಲಿ ವಸ್ತುವಿನ ಹೆಸರು, ಅದನ್ನು ಯಾರಿಂದ ಕೇಳಿದ್ದು ಎಂಬುದು (ಅಜ್ಜಿ, ಸೋದರಮಾವ ಇತ್ಯಾದಿ), ಆ ವಸ್ತುವಿನ ಬಗ್ಗೆ ಒಂದು ವಾಕ್ಯ, ಮಾಡಿದವರ ಹೆಸರು, ಇಯತ್ತೆ, ದಿನಾಂಕ ಇಷ್ಟಿರಬೇಕು. ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆಯಿಸಬಾರದು.

ಅನಂತರ ಮಕ್ಕಳು ವರ್ತುಲವಾಗಿ ಕುಳಿತು, ಒಬ್ಬೊಬ್ಬರಾಗಿ ಕಾರ್ಡನ್ನು ತೋರಿಸಿ ಮಾತನಾಡಬೇಕು. ಬಳಿಕ ವಿನಿಮಯ. ಒಳ್ಳೆಯ ಕಾರ್ಡಿಗೆ ಎರಡು ಕಾರ್ಡು ಎಂಬ ಲೆಕ್ಕ ಇಲ್ಲಿಲ್ಲ, ಒಂದಕ್ಕೆ ಒಂದು. ಯಾರ ಕಾರ್ಡೂ ಉಳಿಯದಂತೆ ಶಿಕ್ಷಕರು ತಾವೂ ಒಂದು ಕಾರ್ಡನ್ನು ಮಾಡಿ ಸರದಿಯಲ್ಲಿ ಕೂಡಬೇಕು. ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗಳಿಗೆ ಇನ್ನೊಂದು ದಾರಿಯಿದೆ: ಮುಖ್ಯೋಪಾಧ್ಯಾಯರ ಒಪ್ಪಿಗೆಯಿಂದ ಮತ್ತೊಂದು ಕನ್ನಡ ಶಾಲೆಯೊಡನೆ ಲಕೋಟೆಯಲ್ಲಿ ಕಾರ್ಡುಗಳನ್ನು ಬದಲಾಯಿಸಿಕೊಳ್ಳುವುದು. ಜತ್ತದ ಮಗುವಿಗೆ ಅಕ್ಕಲಕೋಟದಿಂದ ಒಂದು ಕಾರ್ಡು ಬಂದಾಗ, ತಾನು ಆಡುವ ಮಾತನ್ನು ಕಾಣದ ಊರಿನ ಇನ್ನೊಂದು ಮಗುವೂ ಆಡುತ್ತದೆ ಎಂಬುದು ಅದಕ್ಕೆ ಕೈಯಲ್ಲಿ ಹಿಡಿದು ನೋಡುವಂತೆ ತಿಳಿಯುತ್ತದೆ.

ಮೌಲ್ಯಮಾಪನ

ಕಾರ್ಡಿನ ಅಂದಕ್ಕೆ ಅಂಕ ಕೊಡಬಾರದು. ಅಳತೆಯ ನಿಖರತೆ, ಸಾಮಗ್ರಿಯ ಆಯ್ಕೆಗೆ ಮಗು ಕೊಡುವ ಕಾರಣ, ಮೌಖಿಕ ನಿರೂಪಣೆ, ಗುಂಪಿನಲ್ಲಿಯ ಸಹಕಾರ ಈ ನಾಲ್ಕನ್ನು ಗಮನಿಸಿ ನೋಂದಣಿ ವಹಿಯಲ್ಲಿ ವರ್ಣನಾತ್ಮಕವಾಗಿ ಬರೆದಿಡಬೇಕು. ಎಂದೂ ಮಾತನಾಡದ ಮಗು ಎರಡು ವಾಕ್ಯ ಹೇಳಿದರೆ ಅದನ್ನು ಮರೆಯದೆ ದಾಖಲಿಸಬೇಕು.

ಮುಂದುವರಿಕೆ

1. ವಿನಿಮಯಕ್ಕೆ ಮೊದಲು ಎಲ್ಲ ಕಾರ್ಡುಗಳ ಹೆಸರುಗಳನ್ನು ಅಕಾರಾದಿಯಾಗಿ ಬರೆಯಿಸಿ ‘ನಮ್ಮ ಊರಿನ ಪದಕೋಶ’ ಎಂಬ ವಹಿಯನ್ನು ಆರಂಭಿಸುವುದು. ಪ್ರತಿ ವರ್ಷದ ತರಗತಿಯೂ ಅದಕ್ಕೆ ಹೆಸರುಗಳನ್ನು ಸೇರಿಸಲಿ.
2. ಕೌದಿ ಹೊಲಿಯಬಲ್ಲ ಹಿರಿಯರೊಬ್ಬರನ್ನು ಶಾಲೆಗೆ ಆಮಂತ್ರಿಸಿ, ಹೊಲಿಗೆಯನ್ನು ತೋರಿಸುವಂತೆ ಕೇಳಿಕೊಳ್ಳುವುದು. ಮಕ್ಕಳು ಅವರಿಗೆ ಕೇಳುವ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಲಿ.
3. ಉಳಿದ ಚೂರುಗಳನ್ನೆಲ್ಲ ಒಂದು ದೊಡ್ಡ ರಟ್ಟಿನ ಮೇಲೆ ಕೌದಿಯಂತೆ ಜೋಡಿಸಿ ತರಗತಿಯ ಗೋಡೆಗೆ ತೂಗುಹಾಕುವುದು.