ಮೂತ್ರ ಹೋಗುತ್ತಿದ್ದರೆ ಸಾಕೇ? ಕಿಡ್ನಿಯ ಕೆಲಸ ತಿಳಿಯೋಣ



ವಾರ್ಡಿನಲ್ಲಿ ನಮ್ಮನ್ನು ಅನೇಕರು ಕೇಳುವ ಪ್ರಶ್ನೆಯೊಂದಿದೆ: "ಸಿಸ್ಟರ್, ನಮ್ಮ ತಂದೆಗೆ ಮೂತ್ರ ಚೆನ್ನಾಗೇ ಹೋಗ್ತಾ ಇದೆ. ಆದ್ರೂ ಡಾಕ್ಟರು ಕಿಡ್ನಿ ತೊಂದರೆ ಅಂತಾರಲ್ಲ, ಅದು ಹೇಗೆ?" ಪ್ರಶ್ನೆ ಸಹಜವಾದದ್ದೇ. ಉತ್ತರ ತಿಳಿಯಬೇಕಾದರೆ ಕಿಡ್ನಿ ಮಾಡುವ ಕೆಲಸ ತಿಳಿದಿರಬೇಕು.

ಕಿಡ್ನಿ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ?

ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳಭಾಗದಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಒಂದೊಂದು ಮೂತ್ರಪಿಂಡವಿದೆ. ಆಕಾರ ಅವರೆಕಾಳಿನಂತೆ, ಗಾತ್ರ ನಮ್ಮ ಮುಷ್ಟಿಯಷ್ಟು. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವುಗಳಿಗೆ ನೆಫ್ರಾನ್ ಎಂದು ಹೆಸರು.

ಈ ಜರಡಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ದೇಹಕ್ಕೆ ಬೇಕಾದ ನೀರು, ಸಕ್ಕರೆ, ಲವಣಗಳನ್ನು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಬೇಡವಾದ ಯೂರಿಯಾ, ಕ್ರಿಯಾಟಿನಿನ್ ಮುಂತಾದ ಕಲ್ಮಶಗಳು ಒಂದೂವರೆ, ಎರಡು ಲೀಟರ್ ನೀರಿನೊಂದಿಗೆ ಮೂತ್ರವಾಗಿ ಉಳಿಯುತ್ತವೆ. ಈ ಮೂತ್ರ ಎರಡು ಮೂತ್ರನಾಳಗಳ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿಂದ ಹೊರಗೆ ಹೋಗುತ್ತದೆ.

ಕಿಡ್ನಿಗೆ ಇನ್ನೂ ಕೆಲಸಗಳಿವೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ರಕ್ತಕಣಗಳು ಹುಟ್ಟಲು ಪ್ರಚೋದನೆ ಕೊಡುವುದು, ಮೂಳೆಗೆ ಬೇಕಾದ ವಿಟಮಿನ್ 'ಡಿ'ಯನ್ನು ಸಿದ್ಧಪಡಿಸುವುದು. ಕಿಡ್ನಿ ರೋಗಿಗಳಲ್ಲಿ ರಕ್ತಹೀನತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಪ್ರಶ್ನೆಗೆ ಉತ್ತರವೇನು?

ಜರಡಿಗಳು ಹಾಳಾದಾಗ ನೀರನ್ನು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಮೂತ್ರದ ಪ್ರಮಾಣ ಮೊದಲಿನಷ್ಟೇ ಇರಬಹುದು, ರಾತ್ರಿ ಹೆಚ್ಚೇ ಆಗಬಹುದು. ಆದರೆ ಅದು ನೀರಿನಂತೆ ತೆಳುವಾಗಿರುತ್ತದೆ. ಕಲ್ಮಶ ರಕ್ತದಲ್ಲೇ ಉಳಿಯುತ್ತದೆ. ನೋವೂ ಇರುವುದಿಲ್ಲ. ಹೀಗಾಗಿ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ.

ಇದನ್ನು ಕಂಡುಹಿಡಿಯಲು ಎರಡು ಸರಳ ಪರೀಕ್ಷೆಗಳಿವೆ: ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ಆದ್ದರಿಂದ ಮೂತ್ರ ಪರೀಕ್ಷೆಯನ್ನು ಬಿಡಬೇಡಿ. ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ಎರಡನ್ನೂ ಮಾಡಿಸಲೇಬೇಕು. ಕಿಡ್ನಿ ಕೆಡಲು ಮುಖ್ಯ ಕಾರಣಗಳು ಇವೇ.

ನೀವು ಗಮನಿಸಬೇಕಾದದ್ದು

* ಮುಖ, ಪಾದ ಊದಿಕೊಳ್ಳುವುದು, ಮೂತ್ರದಲ್ಲಿ ನೊರೆ, ವಾಕರಿಕೆ, ವಿಪರೀತ ಸುಸ್ತು ಕಂಡರೆ ತಡಮಾಡದೆ ತೋರಿಸಿ. ಉಸಿರು ಕಟ್ಟಿದರೆ, ಮೂತ್ರ ತೀರಾ ಕಡಿಮೆಯಾದರೆ ಕೂಡಲೇ ಬನ್ನಿ.

* ಮಂಡಿನೋವಿಗೆ, ಸೊಂಟನೋವಿಗೆ ಔಷಧಿ ಅಂಗಡಿಯಿಂದ ನೀವೇ ಮಾತ್ರೆ ತಂದು ದಿನವೂ ನುಂಗಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಕಿಡ್ನಿಗೆ ಹಾನಿ ಮಾಡಬಲ್ಲವು.

* ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಸೋದರಿಯರೇ, ಶೌಚಾಲಯಕ್ಕೆ ಹೋಗಲು ಆಗದೆಂದು ನೀರು ಕುಡಿಯದೇ ಇರಬೇಡಿ, ಮೂತ್ರ ಕಟ್ಟಿಕೊಂಡು ಕೂರಬೇಡಿ. ಸೋಂಕಿಗೆ ಅದು ದಾರಿ.

* ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚ, ಅಂದರೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ.

ಬಂಧುಗಳಿಗೆ ಎರಡು ಮಾತು

ರೋಗಿಗೆ ತಂಪಾಗಲೆಂದು ಪ್ರೀತಿಯಿಂದ ಎಳನೀರು ತರುತ್ತೀರಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಕಿಡ್ನಿ ರೋಗಿಗೆ ಎಳನೀರು, ಹಣ್ಣಿನ ರಸ ಕೊಡುವ ಮುನ್ನ ದಯವಿಟ್ಟು ಕೇಳಿ. ನೀರೂ ಅಷ್ಟೇ: ಆರೋಗ್ಯವಂತರಿಗೆ ಧಾರಾಳವಾಗಿ ಬೇಕು, ಊತ ಇರುವವರಿಗೆ ಮತ್ತು ಡಯಾಲಿಸಿಸ್‌ನಲ್ಲಿರುವವರಿಗೆ ವೈದ್ಯರು ಹೇಳಿದಷ್ಟೇ.

ಇನ್ನೊಂದು, ಅಳತೆ ಜಗ್ ಕೊಟ್ಟಾಗ ಮೂತ್ರವನ್ನು ಅಳೆಯದೆ ಚೆಲ್ಲಬೇಡಿ. ಕುಡಿದದ್ದೆಷ್ಟು, ಹೋದದ್ದೆಷ್ಟು ಎಂಬ ನಿಮ್ಮ ಲೆಕ್ಕ ನೋಡಿಯೇ ವೈದ್ಯರು ಔಷಧಿ ನಿರ್ಧರಿಸುತ್ತಾರೆ.

ಡಯಾಲಿಸಿಸ್ ಬೇಕೆಂದರೆ ಧೈರ್ಯಗೆಡಬೇಡಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಸೌಲಭ್ಯವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ.

ಮೂತ್ರ ಹೋಗುತ್ತಿದೆ ಎಂದು ಸುಮ್ಮನಿರಬೇಡಿ, ಪರೀಕ್ಷೆ ಮಾಡಿಸಿ. ಸಂದೇಹವಿದ್ದರೆ ಸಂಕೋಚ ಬೇಡ, ನಮ್ಮನ್ನು ಕೇಳಿ.