ಕಡತಗಳ ಕೊಂಡಿ

1974ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿಯೊಂದು ಜಾರಿಗೆ ಬಂದಿತು. ಉಳುವವನೇ ಹೊಲದ ಒಡೆಯನಾಗಬೇಕೆಂಬುದು ಅದರ ತಿರುಳು. ಗೇಣಿಗೆ ಗದ್ದೆ ಮಾಡುತ್ತಿದ್ದವರು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ಸಲ್ಲಿಸಬೇಕಾಗಿದ್ದಿತು. ನಮ್ಮ ಸೊರಬಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದನ್ನು ನೀವು ಚರಿತ್ರೆಯಲ್ಲಿ ಓದಿರಬಹುದು. ಆ ಹೋರಾಟದ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹಸಿಯಾಗಿಯೇ ಇದ್ದಿತು. ನನ್ನ ತಂದೆಯವರೂ ಗೇಣಿದಾರರೇ. ಗದ್ದೆಯನ್ನು ತಾವೇ ಸಾಗು ಮಾಡುತ್ತಿರುವುದಕ್ಕೆ ಪಹಣಿಯಲ್ಲಿ ಸಾಕ್ಷ್ಯವಿದೆಯೇ ಎಂದು ನೋಡಿಸಲು ಅವರು ತಾಲ್ಲೂಕು ಕಚೇರಿಗೆ ಹೊರಟಾಗ ನಾನೂ ಅವರ ಹಿಂದೆ ಹೋದೆ.

ಆ ದಿನ ಕಂಡ ಒಂದು ದೃಶ್ಯವನ್ನು ನಾನು ಮರೆತಿಲ್ಲ. ವಯಸ್ಸಾದ ಗುಮಾಸ್ತರೊಬ್ಬರು ಬಟ್ಟೆಯಲ್ಲಿ ಕಟ್ಟಿದ ಎರಡು ಗಂಟುಗಳನ್ನು ಬಿಚ್ಚಿ, ಎರಡು ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ತೆರೆದಿಟ್ಟರು. ಒಂದರಲ್ಲಿ ಜಮೀನಿನ ವಿವರ, ಇನ್ನೊಂದರಲ್ಲಿ ಖಾತೆದಾರರ ವಿವರ. ಎಡಗೈಯ ಬೆರಳನ್ನು ಮೊದಲನೆಯ ಪುಸ್ತಕದ ಒಂದು ಸಾಲಿನ ಮೇಲೆ ಊರಿ, ಬಲಗೈಯಿಂದ ಎರಡನೆಯದರ ಹಾಳೆಗಳನ್ನು ಮಗುಚುತ್ತ, ಅದೇ ಸಂಖ್ಯೆ ಸಿಕ್ಕಿದೊಡನೆ ಎರಡೂ ಸಾಲುಗಳನ್ನು ಸೇರಿಸಿ ಮೂರನೆಯ ಕಾಗದದ ಮೇಲೆ ಬರೆದುಕೊಂಡರು. ಬರೆದು ಮುಗಿಯುವ ತನಕ ಎಡಗೈಯ ಬೆರಳು ಅಲುಗಲಿಲ್ಲ. ತಂದೆಯವರು ಉಸಿರು ಬಿಗಿಹಿಡಿದು ಆ ಬೆರಳನ್ನೇ ನೋಡುತ್ತಿದ್ದರು.

ಇಂದು ಪಹಣಿ ಬೇಕಾದವರು ಗಂಟು ಬಿಚ್ಚಿಸಬೇಕಾಗಿಲ್ಲ. 'ಭೂಮಿ' ಎಂಬ ಯೋಜನೆಯಡಿಯಲ್ಲಿ ಕರ್ನಾಟಕ ಸರ್ಕಾರವು ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ಪಹಣಿ ಕೊಡುವ ಕಿಟಕಿಗಳು ತೆರೆದಿದ್ದವು. ಆರಂಭದಲ್ಲಿ ಒಂದು ಪ್ರತಿಗೆ 15 ರೂಪಾಯಿ ಶುಲ್ಕವಿದ್ದಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮುಂದೆ ಅಂತರಜಾಲದ ಮೂಲಕ ಮನೆಯಿಂದಲೇ ಪಹಣಿಯನ್ನು ನೋಡುವಂತಾಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ ಸರ್ವೆ ನಂಬರನ್ನು ಕೊಟ್ಟರಾಯಿತು; ಮಾಲೀಕರ ಹೆಸರು, ವಿಸ್ತೀರ್ಣ, ಖರಾಬು, ಕಂದಾಯ, ಸಾಲದ ಋಣ, ಬೆಳೆ ಎಲ್ಲವೂ ಒಂದೇ ಹಾಳೆಯಲ್ಲಿ ಮೂಡುತ್ತವೆ. ಗುಮಾಸ್ತರ ಆ ಬೆರಳು ಎಲ್ಲಿ ಹೋಯಿತು? ಅದು ಎಲ್ಲಿಯೂ ಹೋಗಿಲ್ಲ. ಯಂತ್ರದೊಳಗೆ ಇಂದಿಗೂ ಅದೇ ಕೆಲಸ ನಡೆಯುತ್ತಿದೆ. ಅದು ಹೇಗೆಂಬುದನ್ನು ನೋಡೋಣ.

ಮಾಹಿತಿಯನ್ನೆಲ್ಲ ಒಂದೇ ದೊಡ್ಡ ಪುಸ್ತಕದಲ್ಲಿ ಏಕೆ ಬರೆದಿಡಬಾರದು ಎಂದು ನೀವು ಕೇಳಬಹುದು. ಒಬ್ಬ ರೈತನಿಗೆ ಮೂರು ತಾಕು ಜಮೀನಿದೆಯೆನ್ನಿ. ಒಂದೇ ಪುಸ್ತಕವಾದರೆ ಅವನ ಹೆಸರು, ವಿಳಾಸಗಳನ್ನು ಮೂರು ಕಡೆ ಬರೆಯಬೇಕು. ವಿಳಾಸ ಬದಲಾದರೆ ಮೂರು ಕಡೆಯೂ ತಿದ್ದಬೇಕು. ಎರಡು ಕಡೆ ತಿದ್ದಿ ಒಂದು ಕಡೆ ಮರೆತರೆ ಯಾವುದು ನಿಜ? ಇದಕ್ಕೆ ಪರಿಹಾರವನ್ನು ಗಣಿತದ ತಳಹದಿಯ ಮೇಲೆ ಹೇಳಿದವನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್. 1970ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಅವನು ಮಾಹಿತಿಯನ್ನು ಸಾಲು-ಕಂಬಗಳ ಕೋಷ್ಟಕಗಳಾಗಿ ಇಡುವ, ಬೇಕೆಂದಾಗ ಅವುಗಳನ್ನು ಕೂಡಿಸಿಕೊಳ್ಳುವ ಕ್ರಮವನ್ನು ವಿವರಿಸಿದ. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಇಂದು ಅದನ್ನು ಎಸ್‌ಕ್ಯೂಎಲ್ ಎನ್ನುತ್ತಾರೆ. ನನ್ನ ತಂದೆಯವರು ಕಚೇರಿಯ ಬಾಗಿಲಲ್ಲಿ ನಿಂತ ವರ್ಷವೂ ಅದೇ.

ಹೀಗೆ ಕೋಷ್ಟಕಗಳನ್ನು ಕ್ರಮವಾಗಿ ಇಟ್ಟಿರುವ ಉಗ್ರಾಣಕ್ಕೆ ಡೇಟಾಬೇಸ್ ಎಂದು ಹೆಸರು. ಅಂತರಜಾಲದ ಪುಟವು ನೇರವಾಗಿ ಉಗ್ರಾಣದೊಳಕ್ಕೆ ಕೈಹಾಕುವುದಿಲ್ಲ. ನಡುವೆ ಸ್ಕ್ರಿಪ್ಟ್ ಎಂಬ ಒಬ್ಬ ದಲಾಲನಿದ್ದಾನೆ. ದಲಾಲನೆಂದರೆ ಅವನು ಮುನಿಸಿಕೊಂಡಾನು, ಜವಾನನೆನ್ನೋಣ. ಸ್ಕ್ರಿಪ್ಟ್ ಎಂಬುದು ಸರ್ವರಿನಲ್ಲಿರುವ ಯಂತ್ರಕ್ಕೆ ಬರೆದಿಟ್ಟ ಆಜ್ಞೆಗಳ ಒಂದು ಪಟ್ಟಿ. ಇಂಥ ಪಟ್ಟಿಗಳನ್ನು ಬರೆಯಲು 1995ರಲ್ಲಿ ಬಳಕೆಗೆ ಬಂದ ಪಿಎಚ್‌ಪಿಯಂತಹ ಅನೇಕ ಭಾಷೆಗಳಿವೆ. ನೀವು ಪುಟದಲ್ಲಿ ಸರ್ವೆ ನಂಬರನ್ನು ತುಂಬಿದೊಡನೆ ಜವಾನನು ಅದನ್ನು ತೆಗೆದುಕೊಂಡು ಉಗ್ರಾಣಕ್ಕೆ ಹೋಗುತ್ತಾನೆ, ಪ್ರಶ್ನೆಯನ್ನು ಒಪ್ಪಿಸುತ್ತಾನೆ, ಉತ್ತರವಾಗಿ ಬಂದ ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾನೆ. 'ಒಂದು ಸಾಲನ್ನು ತೆಗೆದುಕೋ, ಪುಟದಲ್ಲಿ ಬರೆ, ಮುಂದಿನ ಸಾಲಿಗೆ ಹೋಗು, ಸಾಲುಗಳು ಮುಗಿದಾಗ ನಿಲ್ಲು' ಎಂಬುದು ಅವನಿಗೆ ಇರುವ ಆಜ್ಞೆ. ಹೊಸದಾಗಿ ಕಲಿಯುವವರು ಇಲ್ಲಿ ಒಂದು ತಪ್ಪನ್ನು ತಪ್ಪದೆ ಮಾಡುತ್ತಾರೆ. ಪ್ರತಿಯೊಂದು ಸಾಲನ್ನೂ ಒಂದೇ ಸ್ಲೇಟಿನ ಮೇಲೆ, ಹಿಂದಿನದನ್ನು ಒರಸಿ ಬರೆಯುವಂತೆ ಆಜ್ಞೆ ಕೊಟ್ಟಿರುತ್ತಾರೆ. ಕೊನೆಗೆ ನೋಡಿದರೆ ನೂರು ಸಾಲುಗಳ ಬದಲು ಕೊನೆಯದೊಂದೇ ಉಳಿದಿರುತ್ತದೆ. ಸಾಲುಗಳನ್ನು ಒಂದರ ಕೆಳಗೊಂದು ಪೇರಿಸಬೇಕು.

ಈಗ ಕೂಡಿಸುವ ಕೆಲಸಕ್ಕೆ ಬರೋಣ. ಒಂದು ಗ್ರಾಮದಲ್ಲಿ 300 ತಾಕುಗಳಿವೆ. ಪ್ರತಿಯೊಂದರ ಮುಂದೆ ಅದರ ಖಾತೆದಾರನ ಹೆಸರನ್ನು ಬರೆಯಬೇಕಾಗಿದೆ ಎಂದುಕೊಳ್ಳಿ. ಜವಾನನು ಮೊದಲು ತಾಕುಗಳ ಪಟ್ಟಿಯನ್ನು ತರುತ್ತಾನೆ. ಬಳಿಕ ಮೊದಲನೆಯ ತಾಕಿನ ಖಾತೆ ಸಂಖ್ಯೆಯನ್ನು ಹಿಡಿದು ಉಗ್ರಾಣಕ್ಕೆ ಹೋಗಿ ಹೆಸರು ಕೇಳಿ ಬರುತ್ತಾನೆ. ಎರಡನೆಯದಕ್ಕೆ ಮತ್ತೆ ಹೋಗುತ್ತಾನೆ. ಒಟ್ಟು 301 ಸಲದ ಓಡಾಟ. ಯಂತ್ರದ ಜವಾನನಿಗೆ ಕಾಲು ನೋಯುವುದಿಲ್ಲವೆಂಬುದು ನಿಜ. ಆದರೆ ರಾಜ್ಯದ ಸಾವಿರಾರು ಮಂದಿ ಒಟ್ಟಿಗೆ ಕೇಳಿದಾಗ ಬಾಗಿಲಲ್ಲಿ ನೂಕುನುಗ್ಗಲಾಗಿ ಪುಟವು ಕಣ್ಣು ಬಿಡದೆ ಕುಳಿತುಬಿಡುತ್ತದೆ. ಜಾಣ ಜವಾನನು ಬೇರೆಯ ದಾರಿ ಹಿಡಿಯುತ್ತಾನೆ. 300 ಖಾತೆ ಸಂಖ್ಯೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಎಲ್ಲ ಹೆಸರುಗಳನ್ನೂ ಒಮ್ಮೆಗೇ ತಂದು, ಎರಡು ಪಟ್ಟಿಗಳನ್ನು ತನ್ನ ಮೇಜಿನ ಮೇಲೆಯೇ ಕೂಡಿಸುತ್ತಾನೆ. ಆಗ ಎರಡೇ ಸಲದ ಓಡಾಟ. ಇನ್ನೂ ಜಾಣನಾದವನು, 'ಎರಡು ಕೋಷ್ಟಕಗಳನ್ನೂ ಖಾತೆ ಸಂಖ್ಯೆಯಿಂದ ಕೂಡಿಸಿಯೇ ನನಗೆ ಕೊಡು' ಎಂದು ಉಗ್ರಾಣಕ್ಕೇ ಹೇಳುತ್ತಾನೆ. ಇದನ್ನು ಜಾಯಿನ್ ಎನ್ನುತ್ತಾರೆ. ಎರಡೂ ಕೋಷ್ಟಕಗಳು ಒಂದೇ ಉಗ್ರಾಣದಲ್ಲಿದ್ದಾಗ ಇದೇ ಸಾಮಾನ್ಯವಾಗಿ ಮೇಲಾದ ಕ್ರಮ. ಬೇರೆ ಬೇರೆ ಕಚೇರಿಗಳಲ್ಲಿದ್ದರೆ ಹಿಂದಿನ ಕ್ರಮವೇ ಗತಿ. ನೋಂದಣಿ ಇಲಾಖೆಯ 'ಕಾವೇರಿ', ಭೂಮಾಪನ ಇಲಾಖೆಯ 'ಮೋಜಿಣಿ' ಎಂಬ ವ್ಯವಸ್ಥೆಗಳು 'ಭೂಮಿ'ಯಿಂದ ಬೇರೆಯಾದವು. ಕ್ರಯಪತ್ರ ನೋಂದಣಿಯಾದ ಸಂಗತಿಯು ಕಾವೇರಿಯಿಂದ ಭೂಮಿಗೆ ತಲಪಿದ ಮೇಲೆಯೇ ಖಾತೆ ಬದಲಾವಣೆಯ ಕೆಲಸ ಮೊದಲಾಗುವುದು.

ಆದರೆ ವೇಗದ ಮಾತು ಅಷ್ಟು ದೊಡ್ಡದಲ್ಲ. ನಿಧಾನವಾದರೆ ಕಾಯಬಹುದು, ತಪ್ಪಾದರೆ? ಎರಡು ಸಾಲುಗಳನ್ನು ಯಾವ ಗುರುತಿನಿಂದ ಕೂಡಿಸುತ್ತೇವೆಂಬುದರ ಮೇಲೆ ಎಲ್ಲವೂ ನಿಂತಿದೆ. ಸರ್ವೆ ನಂಬರು 45 ಎಂದರೆ ಸಾಕೇ? ಸಾಲದು. ಪ್ರತಿ ಗ್ರಾಮದಲ್ಲಿಯೂ ಸರ್ವೆ ನಂಬರು ಒಂದರಿಂದಲೇ ಆರಂಭವಾಗುತ್ತದೆ. ಆನವಟ್ಟಿಯಲ್ಲಿರುವ ಸಂಖ್ಯೆಯೇ ಚಂದ್ರಗುತ್ತಿಯಲ್ಲಿಯೂ ಇರಬಹುದು. ಜಿಲ್ಲೆಯಿಂದ ಹಿಡಿದು ಹಿಸ್ಸಾದವರೆಗೆ ಎಲ್ಲವೂ ಸೇರಿದರೆ ಮಾತ್ರ ಒಂದು ತಾಕಿನ ಪೂರ್ಣ ಗುರುತು. ಇದು ನಮ್ಮ ಸೀಮೆಗೆ ಹೊಸ ಪಾಠವೇನೂ ಅಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟವನ್ನು 1902ರಲ್ಲಿಯೂ 8ನೆಯದನ್ನು 1904ರಲ್ಲಿಯೂ ಹೊರತಂದರು. ಮೊದಲನೆಯದರಲ್ಲಿ ಶಿಕಾರಿಪುರದ, ಎರಡನೆಯದರಲ್ಲಿ ಸೊರಬದ ಶಾಸನಗಳಿವೆ. ಪ್ರತಿ ತಾಲ್ಲೂಕಿಗೂ ಸಂಖ್ಯೆ ಹೊಸದಾಗಿ ಒಂದರಿಂದ ಮೊದಲಾಗುತ್ತದೆ. ಆದುದರಿಂದಲೇ ವಿದ್ವಾಂಸರು ಬರಿಯ 176 ಎನ್ನದೆ 'ಶಿಕಾರಿಪುರ 176' ಎನ್ನುತ್ತಾರೆ. ಅದು ತಾಳಗುಂದದ ಕದಂಬರ ಸ್ತಂಭಶಾಸನ. ತಾಲ್ಲೂಕಿನ ಹೆಸರನ್ನು ಬಿಟ್ಟವನು ಸೊರಬದ ಬೇರಾವುದೋ ಕಲ್ಲಿನ ಮುಂದೆ ಹೋಗಿ ನಿಂತಾನು.

ಸಂಖ್ಯೆಯನ್ನು ಬಿಟ್ಟು ಹೆಸರಿನಿಂದ ಕೂಡಿಸಹೊರಟರೆ ಇನ್ನೂ ಕಷ್ಟ. ಬಸಪ್ಪ, ಬಸವಪ್ಪ, ಬಸ್ಸಪ್ಪ ಎಂದು ಒಬ್ಬನೇ ಮನುಷ್ಯನನ್ನು ಮೂರು ಕಡತಗಳು ಮೂರು ಬಗೆಯಾಗಿ ಬರೆದಿರುತ್ತವೆ. ನಮಗೆ ಒಬ್ಬನೇ ಎಂದು ತಿಳಿಯುತ್ತದೆ. ಯಂತ್ರಕ್ಕೆ ಅವರು ಮೂವರು. ಮತ್ತೊಂದು ಕಡೆ ಒಂದೇ ಹೆಸರಿನ ಇಬ್ಬರಿದ್ದರೆ ಯಂತ್ರಕ್ಕೆ ಅವರು ಒಬ್ಬರೇ.

ಇನ್ನೊಂದು ತೊಡಕನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2 ಎಕರೆಯ ಒಂದು ತಾಕಿಗೆ ಮೂವರು ಜಂಟಿ ಖಾತೆದಾರರು. ಅದರಲ್ಲಿ ಭತ್ತ, ಅಡಿಕೆ, ಶುಂಠಿ ಎಂದು ಮೂರು ಬೆಳೆ. ತಾಕು, ಖಾತೆದಾರರು, ಬೆಳೆ ಎಂಬ ಮೂರು ಕೋಷ್ಟಕಗಳನ್ನು ಒಟ್ಟಿಗೆ ಕೂಡಿಸಿದರೆ ಒಬ್ಬೊಬ್ಬರಿಗೂ ಮೂರು ಬೆಳೆಯಂತೆ 9 ಸಾಲುಗಳು ಬರುತ್ತವೆ. ವಿಸ್ತೀರ್ಣದ ಕಂಬವನ್ನು ಹಾಗೆಯೇ ಕೂಡಿದವನಿಗೆ 2 ಎಕರೆ 18 ಎಕರೆಯಾಗಿ ಕಾಣುತ್ತದೆ! ಎಕರೆ-ಗುಂಟೆಗಳ ಲೆಕ್ಕವೂ ಹಾಗೆಯೇ ಮೋಸ ಮಾಡೀತು. 1 ಎಕರೆ 20 ಗುಂಟೆಗೆ 1 ಎಕರೆ 30 ಗುಂಟೆ ಕೂಡಿದರೆ 3 ಎಕರೆ 10 ಗುಂಟೆ, ಏಕೆಂದರೆ 40 ಗುಂಟೆಗೆ ಒಂದು ಎಕರೆ. 1.20 ಮತ್ತು 1.30 ಎಂದು ದಶಮಾಂಶವಾಗಿ ಕೂಡುವ ಯಂತ್ರವು 2.50 ಎನ್ನುತ್ತದೆ. ಯಂತ್ರವು ಸುಳ್ಳು ಹೇಳಲಿಲ್ಲ. ನಾವು ಕೇಳಿದ್ದೇ ತಪ್ಪು.

ಇಷ್ಟನ್ನು ಬುದ್ಧಿವಂತನಂತೆ ಹೇಳುತ್ತಿರುವ ನಾನು ಈ ತಪ್ಪುಗಳಿಗೆ ಹೊರತಾದವನಲ್ಲ. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ, ಗಣಕಯಂತ್ರವನ್ನು ಕಣ್ಣಾರೆ ಕಾಣುವುದಕ್ಕೂ ಮುಂಚೆ, ವಿದ್ಯಾರ್ಥಿವೇತನದ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಅರ್ಜಿ ಹಾಕಿದವರ ಪಟ್ಟಿ ಒಂದು, ಹಿಂದಿನ ವರ್ಷದ ಅಂಕಗಳ ಪಟ್ಟಿ ಇನ್ನೊಂದು. ಗುಮಾಸ್ತರ ಹಾಗೆಯೇ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕೂಡಿಸಿದೆ. ದಾಖಲಾತಿ ಸಂಖ್ಯೆಯನ್ನು ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಹೆಸರಿನಿಂದಲೇ ಕೂಡಿಸಿದೆ. ತರಗತಿಯಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್ಲಿನ ಇಬ್ಬರು ಹುಡುಗರಿದ್ದರು. ಒಬ್ಬನ ಅಂಕ ಇನ್ನೊಬ್ಬನ ಮುಂದೆ ಬಂದು ಕುಳಿತಿತು. ಅದು ಹೇಗೋ ಮುಖ್ಯೋಪಾಧ್ಯಾಯರ ಕಣ್ಣಿಗೆ ಬಿದ್ದು, ನಾನು ತಲೆ ತಗ್ಗಿಸಿ ತಿದ್ದಿಕೊಟ್ಟೆ. ಈಗ ನಿಮಗೆಲ್ಲ ಸ್ಯಾಟ್ಸ್ ಸಂಖ್ಯೆಯೊಂದು ಇದೆಯಲ್ಲ, ಅದು ಇಂಥ ಇಬ್ಬರನ್ನು ಬೇರೆಯಾಗಿ ಕಾಣುವುದಕ್ಕಾಗಿಯೇ ಇರುವ ಗುರುತು.

ಆದರೆ ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪೊಂದು ಉಳಿದಿದ್ದಿತು. ವರ್ಷದ ನಡುವೆ ಬೇರೆ ಊರಿನಿಂದ ಬಂದು ಸೇರಿದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಳು. ಅವಳ ತಾಯಿ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದರು. ಹಳೆಯ ಶಾಲೆಯಿಂದ ಅಂಕಪಟ್ಟಿ ಬಂದಿರಲಿಲ್ಲವಾದ್ದರಿಂದ ಎರಡನೆಯ ಪಟ್ಟಿಯಲ್ಲಿ ಅವಳ ಸಾಲೇ ಇರಲಿಲ್ಲ. ಎರಡರಲ್ಲಿಯೂ ಇದ್ದವರನ್ನಷ್ಟೇ ನಾನು ಎತ್ತಿಕೊಂಡೆ. ಅವಳು ಬಿಟ್ಟುಹೋದಳು. ತಪ್ಪು ಅಂಕ ಬಿದ್ದ ಕಡೆ ಕಣ್ಣಿಗೆ ಕಾಣುವ ತಪ್ಪಾದರೂ ಇದ್ದಿತು. ಇಲ್ಲಿ ಕಾಣಲು ಏನೂ ಇರಲಿಲ್ಲ. ಹಣ ಹಂಚುವ ದಿನ ಅವಳು ಸಾಲಿನಲ್ಲಿ ನಿಂತು, ತನ್ನ ಹೆಸರನ್ನು ಕರೆಯುವರೆಂದು ಕೊನೆಯವರೆಗೂ ಕಾದು, ಏನನ್ನೂ ಕೇಳದೆ ತರಗತಿಗೆ ಹಿಂದಿರುಗಿದಳು.

ಮುಂದೆ ನಿವೃತ್ತಿಗೆ ಕೆಲವು ವರ್ಷಗಳಿರುವಾಗ ತರಬೇತಿಯೊಂದರಲ್ಲಿ ಡೇಟಾಬೇಸಿನ ಪಾಠ ಕೇಳಿದೆ. ಕೂಡಿಸುವುದರಲ್ಲಿ ಎರಡು ಬಗೆ ಎಂದು ಅಲ್ಲಿಯ ತರುಣ ಶಿಕ್ಷಕರು ಹಲಗೆಯ ಮೇಲೆ ಬರೆದರು. ಜೋಡಿ ಸಿಕ್ಕಿದ ಸಾಲುಗಳನ್ನು ಮಾತ್ರ ಕೊಡುವುದು ಒಂದು. ಅದಕ್ಕೆ ಇನ್ನರ್ ಜಾಯಿನ್ ಎಂದು ಹೆಸರು. ಎಡಗಡೆಯ ಪಟ್ಟಿಯ ಪ್ರತಿಯೊಂದು ಸಾಲನ್ನೂ ಉಳಿಸಿಕೊಂಡು, ಜೋಡಿ ಸಿಗದ ಕಡೆ ಜಾಗವನ್ನು ಖಾಲಿ ಬಿಟ್ಟು ತೋರಿಸುವುದು ಇನ್ನೊಂದು. ಅದು ಲೆಫ್ಟ್ ಜಾಯಿನ್. ಖಾಲಿ ಜಾಗಕ್ಕೂ ಸೊನ್ನೆಗೂ ವ್ಯತ್ಯಾಸವಿದೆಯೆಂದೂ ಅವರು ಹೇಳಿದರು. ಅಂಕ ಸೊನ್ನೆಯೆಂದರೆ ಪರೀಕ್ಷೆಯಲ್ಲಿ ಏನೂ ಬರಲಿಲ್ಲವೆಂದು ಅರ್ಥ. ಖಾಲಿಯೆಂದರೆ ಇನ್ನೂ ಗೊತ್ತಾಗಿಲ್ಲವೆಂದು ಅರ್ಥ. ನೆರೆ ಬಂದು ಬೆಳೆ ಹೋದ ವರ್ಷ ರೈತರಿಗೆ ಪರಿಹಾರದ ಪಟ್ಟಿ ಮಾಡುವವರು ಯಾವ ಬಗೆಯಲ್ಲಿ ಕೂಡಿಸಬೇಕೆಂದು ಅವರು ನಮ್ಮನ್ನು ಕೇಳಿದರು. ಬ್ಯಾಂಕಿನ ಖಾತೆ ಜೋಡಣೆಯಾಗದ ರೈತನೂ ಪಟ್ಟಿಯಲ್ಲಿ ಖಾಲಿ ಜಾಗದೊಡನೆ ಕಾಣಬೇಕೇ, ಅಥವಾ ಕಾಣದೆಯೇ ಹೋಗಬೇಕೇ? ಹಿಂದಿನ ಬೆಂಚಿನಲ್ಲಿದ್ದ ನಾನು ಕೈ ಎತ್ತಲಿಲ್ಲ. ಉತ್ತರ ನನಗೆ ಬಹಳ ಹಿಂದೆಯೇ ಗೊತ್ತಾಗಿದ್ದಿತು.

ಆ ಹುಡುಗಿಯ ಮಾತನ್ನು ಮುಗಿಸಿಬಿಡುತ್ತೇನೆ. ಮರುವರ್ಷದ ಪಟ್ಟಿಯನ್ನೂ ನಾನೇ ಬರೆದೆ. ಅರ್ಜಿದಾರರೆಲ್ಲರ ದಾಖಲಾತಿ ಸಂಖ್ಯೆಗಳನ್ನು ಮೊದಲು ಎಡಗಡೆ ಬರೆದುಕೊಂಡು, ಬಳಿಕ ಅಂಕಗಳನ್ನು ತುಂಬುತ್ತ ಹೋದೆ. ವಿದ್ಯಾರ್ಥಿವೇತನಕ್ಕೆ ಹಿಂದಿನ ಎರಡು ವರ್ಷಗಳ ಅಂಕ ಬೇಕಾಗಿದ್ದಿತು. ಅವಳ ಮುಂದೆ ಒಂದು ಮನೆ ಖಾಲಿ ಉಳಿಯಿತು. ಅದನ್ನು ಖಾಲಿಯಾಗಿಯೇ ಬಿಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಿಂದ 'ಬಂದಿಲ್ಲ' ಎಂದು ಬರೆದೆ. ಮುಖ್ಯೋಪಾಧ್ಯಾಯರು ಸಹಿ ಹಾಕುವಾಗ ಅಲ್ಲಿ ಬೆರಳಿಟ್ಟು, "ಇದೇನು ಮೇಷ್ಟ್ರೇ?" ಎಂದರು. ಅಂದೇ ಹಳೆಯ ಶಾಲೆಗೆ ಕಾಗದ ಹೋಯಿತು. ಮೂರನೆಯ ವಾರದಲ್ಲಿ ಅಂಚೆಯ ಮೂಲಕ ಅಂಕಪಟ್ಟಿ ಬಂದು ಸೇರಿತು.