ಹೊಂಗೆಯ ಮರಕ್ಕೆ ಕಟ್ಟಿದ ತಂತಿ

ನಮ್ಮೂರಿನ ಹಂಚಿನ ಮನೆಯಲ್ಲಿ ರೇಡಿಯೋ ಎಂಬುದು ಮರೆಮಾಚಬೇಕಾದ ವಸ್ತುವಾಗಿರಲಿಲ್ಲ. ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಿಗಿದಿದ್ದ ತಾಮ್ರದ ಜಾಲರಿಯ ಏರಿಯಲ್ಲು ಬಂದವರೆಲ್ಲರ ಕಣ್ಣಿಗೂ ಬೀಳುವಂತೆ ತೂಗುತ್ತಿದ್ದು, ಈ ಮನೆಯಲ್ಲಿ ರೇಡಿಯೋ ಇದೆಯೆಂದು ಸಾರುವ ಒಂದು ಬಗೆಯ ತೋರಣವೇ ಆಗಿತ್ತು. ಅದಕ್ಕೂ ಹಿಂದೆ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ‘ವಿಠ್ಠಲ ವಿಹಾರ’ವೆಂಬ ತಮ್ಮ ಸ್ವಂತ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಈ ದೇಶಕ್ಕೆ ದೊರೆತುದು ಆ ಮನೆಯ ಕೇಂದ್ರದಿಂದಲೇ. ಮನೆಯ ಮೇಲಿನ ಆಕಾಶವೂ ಮನೆಯೊಡೆಯನದೇ ಆಗಿದ್ದ ಕಾಲವದು.

ಹವ್ಯಾಸಿ ರೇಡಿಯೋದ ಪರವಾನಗಿಯನ್ನು ಪಡೆದು ಎರಡು ದಶಕಗಳ ಕಾಲ ಊರಿನ ತೋಟದಲ್ಲಿ ತೆಂಗಿನಿಂದ ತೆಂಗಿಗೆ ತಂತಿ ಕಟ್ಟಿ ಮಾತನಾಡಿದ ನಾನು, ನಿವೃತ್ತಿಯ ತರುವಾಯ ಬೆಂಗಳೂರಿನ ಐದು ಅಂತಸ್ತಿನ ವಸತಿ ಸಮುಚ್ಚಯದ ನಾಲ್ಕನೆಯ ಅಂತಸ್ತಿಗೆ ಬಂದು ನೆಲೆಸಿದಾಗ, ನನ್ನ ಪಾಲಿಗೆ ಉಳಿದಿದ್ದ ಆಕಾಶವೆಂದರೆ ಹತ್ತಡಿಯ ಬಾಲ್ಕನಿಯೊಂದೇ. ಹೊರಗೋಡೆಗೆ ಏನನ್ನೂ ತೂಗುಹಾಕಕೂಡದೆಂಬುದು ಸಂಘದ ನಿಯಮ. ತಾರಸಿಯಾದರೋ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಪ್ರಕಾರ ಎಲ್ಲ ಮಾಲೀಕರಿಗೂ ಸೇರಿದ ಅವಿಭಕ್ತ ಸ್ವತ್ತು. ರೇಡಿಯೋ ನಡೆಸಲು ಸರ್ಕಾರವು ನನಗೆ ಕೊಟ್ಟ ಅನುಮತಿಯು ಆ ತಾರಸಿಯ ಒಂದು ಮೊಳೆಯ ಮೇಲೂ ನನಗೆ ಹಕ್ಕನ್ನು ಕೊಟ್ಟಿರಲಿಲ್ಲ. ಇದನ್ನು ಬಲ್ಲವನಾಗಿದ್ದೂ ನಾನು ಯಾರನ್ನೂ ಕೇಳದೆ ಗುಟ್ಟಿನ ದಾರಿಯನ್ನು ಹಿಡಿದೆನು.

ಆಂಟೆನಾದ ಲೆಕ್ಕ ಸರಳವಾದುದು. 300ನ್ನು ಮೆಗಾಹರ್ಟ್ಸಿನಲ್ಲಿರುವ ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. ಅದರ ಅರ್ಧದಲ್ಲಿ ನೂರಕ್ಕೆ ಐದರಷ್ಟನ್ನು ಕಳೆದರೆ ತಂತಿಯ ಉದ್ದ. 14.2 ಮೆಗಾಹರ್ಟ್ಸಿಗೆ ಅದು ಸುಮಾರು 10 ಮೀಟರು. ಎಸ್. ಪಿ. ರಸ್ತೆಯ ಅಂಗಡಿಯೊಂದರಿಂದ ಮೋಟಾರು ಸುತ್ತುವ ಅರ್ಧ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ತಂದು, ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಬಾಲ್ಕನಿಯ ಕಂಬಿಯಿಂದ ಅಂಗಳದ ಹೊಂಗೆಯ ಮರದ ಕೊಂಬೆಯವರೆಗೆ ಮೀನಿನ ಗಾಳದ ದಾರದ ನೆರವಿನಿಂದ ಅದನ್ನು ಎಳೆದು ಕಟ್ಟಿದೆನು. ಬೆಳಗಾದ ಮೇಲೆ ಕೆಳಗೆ ನಿಂತು ನೋಡಿದರೆ, ಎಲ್ಲಿದೆಯೆಂದು ಬಲ್ಲ ನನ್ನ ಕಣ್ಣಿಗೇ ಅದು ಕಾಣಲಿಲ್ಲ. ಆ ದಿನ ನನಗಾದ ಸಂತೋಷವನ್ನು ಇಂದು ನೆನೆದರೆ ಅಂತಃಕರಣ ಕುಗ್ಗುತ್ತದೆ.

ಭರಣಿ ಮಳೆಯ ಮೊದಲ ಗಾಳಿಗೆ ಕೊಂಬೆಯ ಕಡೆಯ ದಾರ ಜಾರಿ, ತಂತಿಯು ಮಕ್ಕಳು ಸೈಕಲ್ಲು ಓಡಿಸುವ ಹಾದಿಗೆ ಅಡ್ಡವಾಗಿ, ಆಳೆತ್ತರಕ್ಕಿಂತ ತುಸು ಕೆಳಗೆ ತೂಗಿ ನಿಂತಿತು. ಮುಂಜಾನೆ ಗಿಡಗಳಿಗೆ ನೀರು ಬಿಡಲು ಬಂದ ತೋಟದ ಕೆಲಸದವನ ಕುತ್ತಿಗೆಗೆ ಅದು ತಗುಲಿತು. ಎಳೆಯ ಜಾಡು ಹಿಡಿದು ನಾಲ್ಕು ಅಂತಸ್ತು ಹತ್ತಿ ಬಂದ ಆತ ನನ್ನನ್ನು ಬೈಯಲಿಲ್ಲ, ಕೆಂಪಗೆ ಗೀರಿದ್ದ ಕುತ್ತಿಗೆಯನ್ನು ಒರಸಿಕೊಳ್ಳುತ್ತ, “ಸಾರ್, ನಾನಾದ್ರೆ ನಡ್ಕೊಂಡ್ ಬರ್ತಿದ್ದೆ. ಮಕ್ಳು ಸೈಕಲ್ ಮೇಲ್ ಬಂದಿದ್ರೆ ಏನ್ ಗತಿ?” ಎಂದಷ್ಟೇ ಕೇಳಿದನು. ಕಣ್ಣಿಗೆ ಕಾಣದಿರುವುದೇ ಗುಣವೆಂದು ನಾನು ಆರಿಸಿ ತಂದ ತಂತಿಯ ದೋಷವೂ ಅದೇ ಆಗಿತ್ತು.

ಅದೇ ಸಂಜೆ ಸಂಘದ ಕಾರ್ಯದರ್ಶಿಗಳ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿ, ಪರವಾನಗಿಯ ಪ್ರತಿಯನ್ನು ಮುಂದಿಟ್ಟೆನು. ಧಾರವಾಡದ ಕಡೆಯವರಾದ, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಆ ತಾಯಿ ಎರಡೇ ಪ್ರಶ್ನೆಗಳನ್ನು ಕೇಳಿದರು: ಇದರಿಂದ ಮಕ್ಕಳ ಮೈಗೆ ಅಪಾಯವುಂಟೇ, ಇದರಿಂದ ಊರಿಗೆ ಪ್ರಯೋಜನವುಂಟೇ. ನನ್ನದು 10 ವಾಟಿನ ಯಂತ್ರ, ನಡುಮನೆಯ ಎಲ್‌ಇಡಿ ದೀಪದಷ್ಟೇ ಶಕ್ತಿಯದು. ಆದರೂ ತಂತಿಯ ತುದಿಯಲ್ಲಿ ನೂರೈವತ್ತು ವೋಲ್ಟಿಗೂ ಮೀರಿದ ಒತ್ತಡವಿರುವುದರಿಂದ ಅದು ಯಾರ ಕೈಗೂ ಎಟುಕಬಾರದು, ಎಂದು ಮೊದಲನೆಯದಕ್ಕೆ ಉತ್ತರವಿತ್ತೆನು. ಎರಡನೆಯದಕ್ಕೆ, 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನಿನ ಸಂಪರ್ಕಗಳನ್ನೆಲ್ಲ ಕಡಿದುಹಾಕಿದಾಗ, ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದರ ತಂಡವು ಅದೇ ಯಂತ್ರಗಳಿಂದ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದ ಸಂಗತಿಯನ್ನು ಹೇಳಿದೆನು. ಮುಂದಿನ ಸಭೆಯಲ್ಲಿ ನಕ್ಷೆಯನ್ನು ತೋರಿಸಿ ಲಿಖಿತ ಅನುಮತಿ ಪಡೆಯಿರೆಂದರು. ಹದಿನೈದು ದಿನದಲ್ಲಿ ಅನುಮತಿ ಬಂದಿತು. ಕೇಳಿದ್ದರೆ ಮೊದಲೇ ಬರುತ್ತಿತ್ತು.

ಈಗಿನ ಆಂಟೆನಾ ತಾರಸಿಯ ನೀರಿನ ತೊಟ್ಟಿಯ ಮೇಲಿನಿಂದ ಮೆಟ್ಟಿಲ ಕೋಣೆಯ ಮಾಡಿನವರೆಗೆ, ಬಟ್ಟೆ ಒಣಹಾಕುವವರ ಕೈಗೆ ನಿಲುಕದ ಎತ್ತರದಲ್ಲಿ, 20 ಮೀಟರು ಉದ್ದಕ್ಕೆ ಹಾಯ್ದಿರುವ ಬೂದುಬಣ್ಣದ ಹೊದಿಕೆಯ ತಂತಿ. ಬೀದಿಯಲ್ಲಿ ನಿಂತವರಿಗೆ ಅದು ಆಕಾಶದಲ್ಲಿ ಬೆರೆತುಹೋಗಿ ಕಾಣದು. ತಾರಸಿಗೆ ಬಂದವರಿಗೆ ಕಾಣಲೆಂದು ಎರಡು ತುದಿಗೂ ಬಿಳಿಯ ಪಟ್ಟಿಯನ್ನು ಸುತ್ತಿದ್ದೇನೆ. 7 ಮೆಗಾಹರ್ಟ್ಸಿಗೆ ಅರ್ಧ ತರಂಗವಾಗುವ ಈ ಉದ್ದವು 14, 21 ಮತ್ತು 28 ಮೆಗಾಹರ್ಟ್ಸುಗಳಿಗೂ ಒದಗುತ್ತದೆ. ಒಂದು ತುದಿಯಿಂದಲೇ ಶಕ್ತಿಯನ್ನು ಉಣಿಸಬೇಕಾದುದರಿಂದ, ಆ ತುದಿಯ ಎರಡು ಮೂರು ಸಾವಿರ ಓಮಿನ ತಡೆಯನ್ನು ಕೇಬಲಿನ 50 ಓಮಿಗೆ ಹೊಂದಿಸಲು, ಫೆರೈಟ್ ಬಳೆಯ ಮೇಲೆ 2 ಸುತ್ತಿಗೆ 14 ಸುತ್ತಿನಂತೆ ತಂತಿ ಸುತ್ತಿದ ಪರಿವರ್ತಕವೊಂದು ಬೇಕಾಯಿತು. ಮಳೆಗೆ ನೆನೆಯದಂತೆ ಅದು ಪ್ಲಾಸ್ಟಿಕ್ ಡಬ್ಬಿಯೊಳಗಿದೆ.

ಮೊದಲ ವಾರವೇ ಇನ್ನೊಂದು ತೊಡಕು ಎದುರಾಯಿತು. ನಾನು ಮಾತನಾಡಿದಾಗಲೆಲ್ಲ ಕೆಳಗಿನ ಮನೆಯ ಟೀವಿಯ ಸ್ಪೀಕರಿನಲ್ಲಿ ಗೊರಗೊರ ಸದ್ದು. ಕೇಬಲಿನ ಹೊರಮೈಯೇ ಆಂಟೆನಾದ ಭಾಗವಾಗಿ ತರಂಗಗಳನ್ನು ಕಟ್ಟಡದೊಳಗೆ ಸುರಿಯುತ್ತಿತ್ತು. ಪರಿವರ್ತಕದಿಂದ ಒಂದೆರಡು ಮೀಟರು ಈಚೆಗೆ ಕೇಬಲನ್ನು ಇನ್ನೊಂದು ಫೆರೈಟ್ ಬಳೆಗೆ ಹಲವು ಸುತ್ತು ಸುತ್ತಿದ ಕೂಡಲೇ ಸದ್ದು ನಿಂತಿತು. ಅನುಮತಿ ಪಡೆದಿದ್ದೆನಾದುದರಿಂದಲೇ ಆ ಮನೆಯವರು ನೇರವಾಗಿ ಬಂದು ನನಗೆ ಹೇಳಿದರು. ಗುಟ್ಟಾಗಿದ್ದರೆ ಅವರು ಟೀವಿ ದುರಸ್ತಿಯವನಿಗೆ ದುಡ್ಡು ತೆರುತ್ತಿದ್ದರು.

ಮಾತನಾಡುವುದಕ್ಕಿಂತ ಕೇಳುವುದು ಕಷ್ಟವೆಂಬುದು ಮಾತ್ರ ನಾನು ತೋಟದಲ್ಲಿ ಎಂದೂ ಅರಿಯದಿದ್ದ ಪಾಠ. ಊರಿನಲ್ಲಿ ಇರುಳಿನಷ್ಟು ನಿಶ್ಶಬ್ದವಾಗಿದ್ದ 7 ಮೆಗಾಹರ್ಟ್ಸಿನ ಪಟ್ಟಿಯು ಇಲ್ಲಿ ಜಿರ್ರೆನ್ನುವ ಗದ್ದಲದಲ್ಲಿ ಮುಳುಗಿಹೋಗಿತ್ತು. ಊರನ್ನೆಲ್ಲ ದೂರುವ ಮೊದಲು ಬ್ಯಾಟರಿಯಿಂದ ನಡೆಯುವ ಗ್ರಾಹಕಯಂತ್ರವನ್ನು ಹಿಡಿದು ನನ್ನ ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸಿ ಕೇಳಿದೆನು: ಗದ್ದಲವು ಅರ್ಧಕ್ಕರ್ಧ ಇಳಿಯಿತು! ಒಂದೊಂದಾಗಿ ಸ್ವಿಚ್ಚು ಹಾಕುತ್ತ ಬಂದಂತೆ ಮೊಬೈಲಿನ ಚಾರ್ಜರು, ಸೆಟ್‌ಟಾಪ್ ಪೆಟ್ಟಿಗೆಯ ಅಡಾಪ್ಟರು, ಕೊನೆಗೆ ದೇವರ ಮನೆಯ ಮಿಣುಕುದೀಪದ ಸರ, ಎಲ್ಲವೂ ಸಿಕ್ಕಿಬಿದ್ದವು. ಇವುಗಳೊಳಗಿನ ಸಣ್ಣ ವಿದ್ಯುತ್ ಮಂಡಲಗಳು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ವಿದ್ಯುತ್ತನ್ನು ಹರಿಸಿ ಕಡಿಯುವುದರಿಂದ, ಪ್ರತಿಯೊಂದೂ ತಾನೊಂದು ಪುಟ್ಟ ಪ್ರಸಾರಕೇಂದ್ರವಾಗಿರುತ್ತದೆ. ಸರವನ್ನು ತೆಗೆದು ಎಣ್ಣೆಯ ದೀಪವನ್ನು ಮರಳಿ ತಂದೆವು. ಉಳಿದವುಗಳ ವಯರುಗಳಿಗೆ ಫೆರೈಟ್ ತೊಡಿಸಿದೆನು. ಲಿಫ್ಟಿನ ಮೋಟಾರಿನದು ಇಂದಿಗೂ ಉಂಟು. ಅದು ಏರಿಳಿಯುವಷ್ಟು ಹೊತ್ತು ಸುಮ್ಮನಿರುತ್ತೇನೆ.

ತಂತಿಯ ಎತ್ತರದ ವಿಷಯದಲ್ಲಿ ತೋಟದ ತೆಂಗುಗಳನ್ನು ನೆನೆದು ನಾನು ವ್ಯಥೆಪಟ್ಟುದು ಅನಾವಶ್ಯಕವಾಗಿತ್ತು. ತಾರಸಿಗೆ ಸಮೀಪದಲ್ಲಿ, ತಗ್ಗಾಗಿ ಅಡ್ಡಲಾಗಿರುವ ತಂತಿಯು 7 ಮೆಗಾಹರ್ಟ್ಸಿನಲ್ಲಿ ತರಂಗವನ್ನು ಹೆಚ್ಚಾಗಿ ನೆತ್ತಿಯ ಕಡೆಗೇ ಕಳುಹಿಸುತ್ತದೆ. ಹಗಲಿನಲ್ಲಿ ಅಯಾನುಗೋಳದಿಂದ ಪ್ರತಿಫಲಿಸಿ ಅದು ಸುತ್ತಲಿನ ಕೆಲವು ನೂರು ಕಿಲೋಮೀಟರಿನ ಸೀಮೆಯಲ್ಲಿ ಮಳೆಯಂತೆ ಇಳಿಯುತ್ತದೆ. ದೂರದೇಶಕ್ಕೆ ಇದು ಕೊರತೆ, ನಮ್ಮ ನಾಡಿಗೆ ವರ. ಕಾರ್ಯದರ್ಶಿಗಳು ಒಂದು ಭಾನುವಾರ ಬಂದು ಕುಳಿತು, ತಮ್ಮೂರಿನವರೊಬ್ಬರು ಧಾರವಾಡದ ಮಾತಿನಲ್ಲಿ ಅಲ್ಲಿಯ ಮಳೆಯ ಸುದ್ದಿ ಹೇಳುವುದನ್ನು ಕೇಳಿ, “ಅವರ ಮಾತು ಪಕ್ಕದ ಖೋಲ್ಯಾಗಿಂದ ಕೇಳಿಧಂಗ ಅದ ನೋಡ್ರಿ” ಎಂದರು.

ಏಪ್ರಿಲ್ ಮೇ ತಿಂಗಳ ಗುಡುಗಿನ ಕಾಲದಲ್ಲಿ, ಮೋಡ ಕಾಣುವ ಮುನ್ನವೇ ಕೇಬಲನ್ನು ಯಂತ್ರದಿಂದ ಬಿಚ್ಚಿ ಬಾಲ್ಕನಿಯ ಹೊರಗಿಡುವುದನ್ನು ಒಂದು ದಿನವೂ ತಪ್ಪಿಸಿಲ್ಲ. ತಂತಿಯ ಬಿಗಿತವನ್ನೂ ತುದಿಯ ಗಂಟುಗಳನ್ನೂ ಪ್ರತಿ ಸೋಮವಾರ ತೊಟ್ಟಿಯ ನೀರು ನೋಡಲು ಹತ್ತುವಾಗ ಪರೀಕ್ಷಿಸಿ ಬಂದು ನನಗೆ ಹೇಳುವವನು, ಅಂದು ಕುತ್ತಿಗೆಯಲ್ಲಿ ಗೀರು ಹೊತ್ತು ನನ್ನ ಬಾಗಿಲಿಗೆ ಬಂದ ಆ ತೋಟದ ಕೆಲಸದವನೇ.